ನೆಟ್ ಕೆಡಿಸಿದ್ದು ಯಾರು?

ಕಳೆದ ಮಳೆಗಾಲದಲ್ಲಿ ನಾನೊಂದು ಸುಳ್ಳು ಸುದ್ದಿ ಹಬ್ಬಿಸಿದೆ. ಪತ್ರಿಕೆಯಲ್ಲಲ್ಲ, ನಮ್ಮೂರಿನ ವಾಟ್ಸಾಪ್ ಗುಂಪಿನಲ್ಲಿ. ಪತ್ರಿಕೋದ್ಯಮ ಓದುವಾಗ 'ಎರಡು ಕಡೆ ವಿಚಾರಿಸದೆ ಬರೆಯಬಾರದು' ಎಂಬ ಸಾಲಿಗೆ ನೋಟ್ಸಿನಲ್ಲಿ ಕೆಂಪು ಗೆರೆ ಎಳೆದುಕೊಂಡಿದ್ದವನು ನಾನು. ಆ ಕಥೆ ಹೇಳಬೇಕಾದರೆ ವೈಫೈ ಬಗ್ಗೆಯೂ ಸ್ವಲ್ಪ ಹೇಳಬೇಕು. ಯಾಕೆಂದರೆ ನಾನು ಮಾಡಿದ ತಪ್ಪನ್ನೇ ಆ ದಿನ ನಮ್ಮ ಮನೆಗೆ ಬಂದಿದ್ದ ಒಂದು ಮೊಬೈಲೂ ಮಾಡಿತ್ತು.

ನಮ್ಮ ಮನೆ ಇರುವುದು ಗುಡ್ಡದ ಬುಡದಲ್ಲಿ, ಅಡಿಕೆ ತೋಟಕ್ಕೆ ತಾಗಿಕೊಂಡು. ಮೊಬೈಲಿಗೆ ಸಿಗ್ನಲ್ ಇಲ್ಲ. ಅಂಗಳದ ಮೂಲೆಯ ಹಲಸಿನ ಮರದಡಿ ನಿಂತರೆ ಒಂದು ಕಡ್ಡಿ ಬರುತ್ತದೆ. ಒಟಿಪಿ ಬರಲು ಅಷ್ಟು ಸಾಕು, ಫಾರಂ ತುಂಬಲು ಸಾಲದು. ಎರಡು ವರ್ಷದ ಹಿಂದೆ ಕೇಬಲ್ ಹುಡುಗ ಕಂಬದಿಂದ ಕಂಬಕ್ಕೆ ಫೈಬರ್ ಎಳೆದು ಮನೆಗೆ ತಂದುಕೊಟ್ಟ. ಅಂದಿನಿಂದ ನಮ್ಮ ಚಾವಡಿ ಸುತ್ತಲಿನ ಮನೆಗಳಿಗೆಲ್ಲ ಆನ್‌ಲೈನ್ ಕೆಲಸದ ಜಾಗ. ಪಹಣಿ ತೆಗೆಯುವವರು, ಅಡಿಕೆ ರೇಟು ನೋಡುವವರು, ಗಲ್ಫಿನಲ್ಲಿರುವ ಮಗನ ಮುಖ ನೋಡಬೇಕಾದ ಅಮ್ಮಂದಿರು, ಎಲ್ಲರೂ ಅಲ್ಲಿಗೇ ಬರುತ್ತಾರೆ.

ಕೇಬಲ್ ಹುಡುಗ ಪಕ್ಕದ ಊರಿನವನು, ಐಟಿಐ ಓದಿದವನು. ಮಳೆಗೆ ಮರ ಬಿದ್ದು ತಂತಿ ತುಂಡಾದರೆ ಏಣಿ ಹೊತ್ತುಕೊಂಡು ಬರುವುದು ಅವನೊಬ್ಬನೇ.

ಅವನು ಹಾಕಿಕೊಟ್ಟ ಮೋಡೆಮ್ ಚಾವಡಿಯಲ್ಲಿದೆ. ಉಪ್ಪರಿಗೆಗೆ ವೈಫೈ ಸರಿಯಾಗಿ ತಲುಪುತ್ತಿರಲಿಲ್ಲ. ಬೆಂಗಳೂರಿನಲ್ಲಿ ರೂಮು ಮಾಡಿಕೊಂಡಿದ್ದಾಗ ತೆಗೆದುಕೊಂಡಿದ್ದ ಹಳೆಯ ರೌಟರ್ ಒಂದು ನನ್ನ ಬ್ಯಾಗಿನಲ್ಲಿ ಸುಮ್ಮನೆ ಬಿದ್ದಿತ್ತು. ಒಂದು ಭಾನುವಾರ ಅದನ್ನು ಉಪ್ಪರಿಗೆಯಲ್ಲಿಟ್ಟು, ಚಾವಡಿಯ ಮೋಡೆಮಿನಿಂದ ವಯರ್ ಎಳೆದು, ಎರಡಕ್ಕೂ ಒಂದೇ ಹೆಸರು, ಒಂದೇ ಪಾಸ್‌ವರ್ಡ್ ಕೊಟ್ಟೆ. ಹಳೆಯ ರೌಟರಿನ ಹಿಂದೆ ಐದು ತೂತುಗಳಿದ್ದವು. ನಾಲ್ಕು ಹಳದಿ, ಒಂದು ನೀಲಿ. ಹಳದಿಯೊಂದಕ್ಕೆ ಸಿಕ್ಕಿಸಿದೆ. ಉಪ್ಪರಿಗೆಯಲ್ಲಿ ಮಲಗಿಕೊಂಡು ಕ್ರಿಕೆಟ್ ನೋಡಿದೆ. ನೆಟ್ ಚೆನ್ನಾಗಿಯೇ ಓಡಿತು. ಅಮ್ಮನ ಮುಂದೆ ಜಂಬವನ್ನೂ ಕೊಚ್ಚಿಕೊಂಡೆ.

ಮಂಗಳವಾರ ಸಂಜೆ ಆಚೆಮನೆಯ ಹುಡುಗಿ ಬಂದಳು. ಪಿಯುಸಿ ಮುಗಿಸಿದ್ದಾಳೆ. ನರ್ಸಿಂಗ್ ಸೀಟಿಗೆ ಅರ್ಜಿ ಹಾಕಬೇಕು, ಅಂದೇ ಕೊನೆಯ ದಿನ. ಜಾತಿ ಪ್ರಮಾಣಪತ್ರ ಕೈಗೆ ಬಂದದ್ದೇ ಆ ಮಧ್ಯಾಹ್ನ. ಕೈಯಲ್ಲಿ ಅಪ್ಪನ ಮೊಬೈಲು, ಪ್ಲಾಸ್ಟಿಕ್ ಕವರಿನಲ್ಲಿ ಅಂಕಪಟ್ಟಿ. ಅವಳು ಬರುವ ಹೊತ್ತಿಗೆ ಕರೆಂಟು ಹೋಗಿತ್ತು. ಅರ್ಧ ಗಂಟೆ ಕಾದೆವು, ಬಂತು. ಚಾವಡಿಯಲ್ಲಿ ಟಿವಿ ಗಲಾಟೆ ಎಂದು ನಾನೇ ಅವಳನ್ನು ಉಪ್ಪರಿಗೆಯಲ್ಲಿ ಕೂರಿಸಿದೆ. "ಇಲ್ಲಿ ಫುಲ್ ಕಡ್ಡಿ ಇದೆ, ಆರಾಮಾಗಿ ತುಂಬು" ಎಂದೆ.

ವೈಫೈ ಗುರುತು ಪೂರ್ತಿ ತುಂಬಿತ್ತು. ಅದರ ಪಕ್ಕದಲ್ಲೊಂದು ಆಶ್ಚರ್ಯಸೂಚಕ ಚಿಹ್ನೆ. 'ಕನೆಕ್ಟ್ ಆಗಿದೆ, ಇಂಟರ್ನೆಟ್ ಇಲ್ಲ'. ವೈಫೈ ಆಫ್ ಮಾಡಿ ಆನ್ ಮಾಡಿದಳು. ಪಾಸ್‌ವರ್ಡ್ ಮತ್ತೆ ಹಾಕಿದಳು. ಮೊಬೈಲನ್ನೇ ಆಫ್ ಮಾಡಿ ನೋಡಿದಳು. ಗಂಟೆ ಆರೂ ಕಾಲಾಯಿತು. ನಾನು ಹಲಸಿನ ಮರದಡಿ ಕೊಡೆ ಹಿಡಿದು ನಿಂತು ಕೇಬಲ್ ಹುಡುಗನಿಗೆ ಫೋನ್ ಮಾಡಿದೆ.

"ಏನು ಮಾರಾಯ ನಿನ್ನ ನೆಟ್ಟು? ಕೊನೇ ದಿನವೇ ಕೈ ಕೊಡಬೇಕಾ?"

"ಅಣ್ಣ, ಇಲ್ಲಿಂದ ನೋಡಿದ್ರೆ ನಿಮ್ಮ ಲೈನ್ ಸರಿ ಉಂಟು. ಮೋಡೆಮಲ್ಲಿ ಕೆಂಪು ಲೈಟ್ ಏನಾದ್ರೂ ಉಂಟಾ?"

"ಲೈಟು ನೋಡ್ಲಿಕ್ಕೆ ನಂಗೆ ಪುರುಸೊತ್ತಿಲ್ಲ" ಎಂದು ಇಟ್ಟುಬಿಟ್ಟೆ.

ಹುಡುಗಿಯ ಅಪ್ಪ ಅಡಿಕೆಗೆ ಮದ್ದು ಬಿಡುವ ಕೆಲಸ ಮುಗಿಸಿ ಆಗಷ್ಟೇ ಮನೆಗೆ ಬಂದಿದ್ದರು. ಕೈಯಲ್ಲಿನ ಮೈಲುತುತ್ತದ ನೀಲಿ ಇನ್ನೂ ಹೋಗಿರಲಿಲ್ಲ. ಮಗಳನ್ನು ಬೈಕಿನ ಹಿಂದೆ ಕೂರಿಸಿಕೊಂಡು, ಕಾಗದಗಳನ್ನು ಅಂಗಿಯೊಳಗೆ ಸಿಕ್ಕಿಸಿಕೊಂಡು, ಆ ಮಳೆಯಲ್ಲಿ ಪೇಟೆಗೆ ಹೊರಟರು. ಸೈಬರ್ ಅಂಗಡಿಯವನು ಶಟರ್ ಎಳೆಯುತ್ತಿದ್ದನಂತೆ, ಕಾಲು ಹಿಡಿಯುವುದೊಂದು ಬಾಕಿ. ಅರ್ಜಿ ಹೋದಾಗ ರಾತ್ರಿ ಒಂಬತ್ತು ದಾಟಿತ್ತು. ಅವರು ತಿರುಗಿ ಬರುವವರೆಗೆ ಅವಳ ಅಮ್ಮ ನಮ್ಮ ಜಗಲಿಯಲ್ಲೇ ಕೂತಿದ್ದರು. ನಾನು ಅವರ ಮುಖ ನೋಡಲಾರದೆ ಮೊಬೈಲು ಹಿಡಿದುಕೊಂಡೆ.

ಹಾಗೆ ಹಿಡಿದುಕೊಂಡಾಗ ಬರೆದದ್ದು ಆ ಸಂದೇಶ. 'ದುಡ್ಡು ತಿಂಗಳು ತಿಂಗಳು ಸರಿಯಾಗಿ ವಸೂಲಿ, ನೆಟ್ ಮಾತ್ರ ಬೇಕಾದಾಗ ಇಲ್ಲ. ಇವತ್ತು ಒಬ್ಬ ಬಡ ಹುಡುಗಿಯ ಸೀಟು ಹೋಗುವುದರಲ್ಲಿತ್ತು. ಇದಕ್ಕೆ ಯಾರು ಹೊಣೆ?' ಓದಿದವನಲ್ಲವೇ, ಬರೆಯಲು ಬರುತ್ತದೆ. ಅರ್ಧ ಗಂಟೆಯಲ್ಲಿ ಗುಂಪೆಲ್ಲ ಕುದಿಯಿತು. ಹಳೆಯ ಸಿಟ್ಟುಗಳೆಲ್ಲ ಹೊರಬಂದವು. ಮೂರು ಮನೆಯವರು ಕನೆಕ್ಷನ್ ತೆಗೆಸುತ್ತೇವೆ ಎಂದರು. ಕೇಬಲ್ ಹುಡುಗನೂ ಆ ಗುಂಪಿನಲ್ಲಿದ್ದ. ಓದಿದ್ದಕ್ಕೆ ನೀಲಿ ಗುರುತು ಬಂತು, ಉತ್ತರ ಬರಲಿಲ್ಲ.

ಒಂದು ವಿಷಯ ನನಗೆ ಆಗ ಹೊಳೆಯಲೇ ಇಲ್ಲ. ನಾನು ಚಾವಡಿಯಲ್ಲಿ ಕೂತು ಬರೆದ ಆ ಸಂದೇಶ ಊರಿಗೆಲ್ಲ ತಲುಪಿದ್ದು ಅವನದೇ ತಂತಿಯಲ್ಲಿ. ನೆಟ್ ಇಲ್ಲ ಎಂದು ನೆಟ್ಟಿನಲ್ಲೇ ಸಾರಿದ್ದೆ!

ಮರುದಿನ ಬೆಳಿಗ್ಗೆ ಏಳೂವರೆಗೆ ಅವನು ಬಂದ. ಮಾತಿಲ್ಲ. ಚಾವಡಿಯ ಮೋಡೆಮ್ ನೋಡಿದ, ದೀಪಗಳೆಲ್ಲ ಹಸಿರು. "ಆ ಮೊಬೈಲು ಉಂಟಾ?" ಎಂದ. ಆಚೆಮನೆಯಿಂದ ತರಿಸಿದೆ. ಉಪ್ಪರಿಗೆಗೆ ಹೋಗಿ ವೈಫೈ ಹಾಕಿ, ಸೆಟ್ಟಿಂಗಿನೊಳಗೆ ಒಂದು ಕಡೆ ಒತ್ತಿ ನನ್ನ ಮುಂದೆ ಹಿಡಿದ. 192.168.0.105 ಎಂದಿತ್ತು.

"ಅಣ್ಣ, ನಮ್ಮ ಮೋಡೆಮ್ ಕೊಡುವ ನಂಬರಲ್ಲಿ ಮೂರನೇ ಜಾಗದಲ್ಲಿ ಒಂದು ಇರ್ತದೆ. ಇಲ್ಲಿ ಸೊನ್ನೆ ಉಂಟು. ಇದು ನಾವು ಕೊಟ್ಟದ್ದಲ್ಲ. ನಿಮ್ಮ ಮನೇಲಿ ನಂಬರ್ ಕೊಡುವವರು ಇನ್ನೊಬ್ರು ಇದ್ದಾರೆ."

ಆಮೇಲೆ ಅವನ ಕಣ್ಣು ಕಿಟಕಿಯ ಮೇಲಿದ್ದ ಹಳೆಯ ರೌಟರಿನ ಕಡೆ ಹೋಯಿತು.

ನಂಬರ್ ಕೊಡುವುದು ಎಂದರೇನು ಎಂದು ನನಗೆ ಗೊತ್ತಾದದ್ದು ಅಂದೇ. ಇಷ್ಟು ವರ್ಷ ಮೊಬೈಲು ಬಳಸಿದರೂ, ವೈಫೈ ಹಾಕಿದ ಕೂಡಲೇ ಒಂದೆರಡು ಕ್ಷಣ ಕಾಣುವ 'ಐಪಿ ವಿಳಾಸ ಪಡೆಯಲಾಗುತ್ತಿದೆ' ಎಂಬ ಸಾಲನ್ನು ನಾನು ಗಮನಿಸಿದವನೇ ಅಲ್ಲ.

ಮದುವೆ ಮನೆಯ ಊಟದ ಪಂಕ್ತಿ ನೆನಪಿಸಿಕೊಳ್ಳಿ. ಊಟ ಬಡಿಸಬೇಕಾದರೆ ನೀವು ಒಂದು ಎಲೆಯ ಮುಂದೆ ಕೂತಿರಬೇಕು. ಎಲ್ಲೋ ನಿಂತಿದ್ದರೆ ಬಡಿಸುವವರಿಗೆ ನೀವು ಲೆಕ್ಕಕ್ಕಿಲ್ಲ. ವೈಫೈಯಲ್ಲೂ ಹಾಗೆಯೇ. ಅಲ್ಲಿ ಎಲೆ ಎಂದರೆ ಐಪಿ ವಿಳಾಸ. ಪ್ರತಿ ಮೊಬೈಲು, ಟಿವಿ, ಲ್ಯಾಪ್‌ಟಾಪಿಗೂ ಒಂದೊಂದು ಬೇಕು. ಇಬ್ಬರನ್ನು ಒಂದೇ ಎಲೆಗೆ ಕೂರಿಸುವಂತಿಲ್ಲ.

ಹೊಸದಾಗಿ ಬಂದ ಮೊಬೈಲಿಗೆ ಅಲ್ಲಿ ಯಾರ ಪರಿಚಯವೂ ಇಲ್ಲ, ಯಾರನ್ನು ಕೇಳಬೇಕೆಂದೂ ಗೊತ್ತಿಲ್ಲ. ಅದಕ್ಕೆ ಬಾಗಿಲಲ್ಲೇ ನಿಂತು ಎಲ್ಲರಿಗೂ ಕೇಳುವ ಹಾಗೆ ಕೂಗುತ್ತದೆ: "ನನಗೊಂದು ಜಾಗ ಕೊಡುವವರು ಯಾರಾದರೂ ಇದ್ದೀರಾ?" ಆ ಹೊತ್ತಿನಲ್ಲಿ ಅದರ ಸ್ವಂತ ವಿಳಾಸ 0.0.0.0. ಅಂದರೆ ಏನೂ ಇಲ್ಲ. ಕೂಗುವುದು 255.255.255.255ಕ್ಕೆ. ಅಂದರೆ ಅಲ್ಲಿರುವ ಎಲ್ಲರಿಗೂ. ಮನೆಯ ಮೋಡೆಮು ಪಂಕ್ತಿ ನೋಡಿಕೊಳ್ಳುವ ಹಿರಿಯರ ಹಾಗೆ. "ಆ ಸಾಲಿನ ಐದನೇ ಎಲೆ ಖಾಲಿ ಇದೆ" ಎನ್ನುತ್ತದೆ. ಮೊಬೈಲು "ಹಾಗಾದರೆ ನಾನು ಅಲ್ಲೇ ಕೂರಲಾ?" ಎಂದು ಕೇಳುತ್ತದೆ. ಮೋಡೆಮು "ಆಯಿತು, ಕೂರು" ಎನ್ನುತ್ತದೆ. ನಾಲ್ಕೇ ಮಾತು, ಕಣ್ಣು ಮಿಟುಕಿಸುವುದರೊಳಗೆ ಮುಗಿಯುತ್ತದೆ. ಈ ನಾಲ್ಕು ಮಾತಿನ ಪದ್ಧತಿಗೆ ಡಿಎಚ್‌ಸಿಪಿ ಎಂದು ಹೆಸರು. ಡೈನಾಮಿಕ್ ಹೋಸ್ಟ್ ಕಾನ್ಫಿಗರೇಶನ್ ಪ್ರೋಟೊಕಾಲ್ ಎಂಬುದರ ಗಿಡ್ಡ ರೂಪ.

ಎಲೆಯ ಜೊತೆಗೆ ಮೋಡೆಮು ಇನ್ನೂ ಕೆಲವು ವಿಷಯ ಹೇಳಿಕೊಡುತ್ತದೆ. ಅದರಲ್ಲಿ ಮುಖ್ಯವಾದದ್ದು ಗೇಟ್‌ವೇ. ಅಂದರೆ ಈ ಮನೆಯಿಂದ ಹೊರಜಗತ್ತಿಗೆ ಹೋಗುವ ಬಾಗಿಲು ಯಾವುದು ಎಂಬ ವಿವರ. ಬಾಗಿಲು ತಪ್ಪಿದರೆ ಎಲೆ ಸಿಕ್ಕಿಯೂ ಊಟವಿಲ್ಲ.

ಇನ್ನೊಂದು ಮಾತು. ಎಲೆ ನಿಮ್ಮದಾಗುವುದು ಆ ಪಂಕ್ತಿಗೆ ಮಾತ್ರ. ಐಪಿ ವಿಳಾಸವನ್ನೂ ಹಾಗೆಯೇ ಇಂತಿಷ್ಟು ಹೊತ್ತಿಗೆಂದು ಕೊಡುತ್ತಾರೆ. ಅವಧಿ ಎಷ್ಟೆಂಬುದು ಆಯಾ ಮೋಡೆಮಿನ ಸೆಟ್ಟಿಂಗಿಗೆ ಬಿಟ್ಟದ್ದು. ಕೆಲವು ಕಡೆ ಒಂದೆರಡು ಗಂಟೆ, ಕೆಲವು ಕಡೆ ಇಡೀ ದಿನ. ಸಾಮಾನ್ಯವಾಗಿ ಅವಧಿ ಅರ್ಧ ಕಳೆದ ಮೇಲೆ ಮೊಬೈಲು ತಾನಾಗಿಯೇ ಹೋಗಿ "ಇನ್ನೂ ಸ್ವಲ್ಪ ಹೊತ್ತು ಇರಲಾ?" ಎಂದು ಕೇಳಿ ಮುಂದುವರಿಸಿಕೊಳ್ಳುತ್ತದೆ. ಎದ್ದು ಹೋದವರ ಎಲೆ ಅವಧಿ ಮುಗಿದ ಮೇಲೆ ಇನ್ನೊಬ್ಬರಿಗೆ. ಹೀಗೆ ಮಾಡದಿದ್ದರೆ ಒಮ್ಮೆ ಬಂದು ಹೋದ ನೆಂಟರ ಮೊಬೈಲುಗಳೇ ಎಲೆಗಳನ್ನೆಲ್ಲ ಹಿಡಿದಿಟ್ಟುಕೊಳ್ಳುತ್ತಿದ್ದವು. ಮನೆಯ ಮೋಡೆಮಿನಲ್ಲಿ ಇರುವುದು ಸಾಮಾನ್ಯವಾಗಿ 254ರೊಳಗಿನ ಎಲೆಗಳು. ಎಷ್ಟೋ ಕಡೆ ಅದನ್ನೂ ಕಡಿಮೆ ಮಾಡಿಟ್ಟಿರುತ್ತಾರೆ.

ಈ ಪದ್ಧತಿ ಬರುವ ಮೊದಲು ಹೀಗಿರಲಿಲ್ಲವಂತೆ. ಕಂಪ್ಯೂಟರಿಗೆ ವಿಳಾಸವನ್ನು ಯಾರೋ ಒಬ್ಬರು ಕೈಯಾರೆ ಬರೆದು ಕೂರಿಸಬೇಕಿತ್ತು. ಯಾವ ನಂಬರ್ ಯಾರಿಗೆ ಕೊಟ್ಟದ್ದು ಎಂದು ಪುಸ್ತಕದಲ್ಲಿ ಬರೆದಿಡಬೇಕಿತ್ತು. 1985ರಲ್ಲಿ ಬೂಟ್‌ಪಿ ಎಂಬ ಪದ್ಧತಿ ಬಂತು. ಅದರಲ್ಲೂ ಯಾವ ಯಂತ್ರಕ್ಕೆ ಯಾವ ನಂಬರ್ ಎಂದು ಮೊದಲೇ ಪಟ್ಟಿ ಮಾಡಿಡಬೇಕು. ಮದುವೆಗೆ ಬರುವ ಒಬ್ಬೊಬ್ಬರ ಹೆಸರನ್ನೂ ಎಲೆಯ ಮೇಲೆ ಬರೆದಿಟ್ಟ ಹಾಗೆ. ಕೇಳಿದವರಿಗೆ ಖಾಲಿ ಇರುವುದನ್ನು ತಾತ್ಕಾಲಿಕವಾಗಿ ಕೊಡುವ ಡಿಎಚ್‌ಸಿಪಿ ಬಂದದ್ದು 1993ರಲ್ಲಿ. ಅದರ ಕರಡು ಬರೆದವರು ಅಮೆರಿಕದ ಬಕ್ನೆಲ್ ವಿಶ್ವವಿದ್ಯಾಲಯದ ರಾಲ್ಫ್ ಡ್ರೋಮ್ಸ್. 1997ರಲ್ಲಿ ಅವರೇ ತಿದ್ದಿ ಬರೆದ ನಿಯಮಗಳ ಮೇಲೆಯೇ ಇಂದಿಗೂ ನಮ್ಮ ಮನೆಗಳ ವೈಫೈ ನಡೆಯುತ್ತಿದೆ.

ಆ ನಿಯಮಗಳಲ್ಲೇ ಒಂದು ಎಚ್ಚರಿಕೆಯೂ ಇದೆ. ಜಾಗ ಕೊಡುತ್ತೇನೆ ಎಂದವನು ನಿಜವಾಗಿ ಆ ಮನೆಯ ಯಜಮಾನನೇ ಹೌದೇ ಎಂದು ಪರೀಕ್ಷಿಸುವ ದಾರಿ ಇದರಲ್ಲಿಲ್ಲ, ಹಕ್ಕಿಲ್ಲದವನೂ ಸುಲಭವಾಗಿ ನಡುವೆ ಸೇರಿಕೊಂಡು ತಪ್ಪು ಮಾಹಿತಿ ಕೊಡಬಹುದು ಎಂದು. ಮೊಬೈಲು ಸಾಮಾನ್ಯವಾಗಿ ಮಾಡುವುದು ಇಷ್ಟೇ. ಕೂಗುತ್ತದೆ, ಮೊದಲು ಓಗೊಟ್ಟವನನ್ನು ನಂಬುತ್ತದೆ.

ನಮ್ಮ ಮನೆಯಲ್ಲಿ ಆದದ್ದೂ ಅದೇ. ಹಳೆಯ ರೌಟರು ಬೆಂಗಳೂರಿನ ರೂಮಿನಲ್ಲಿ ತಾನೇ ಯಜಮಾನ. ನಂಬರ್ ಹಂಚುವುದು ಅದರ ಕೆಲಸ. ಇಲ್ಲಿಗೆ ಬಂದ ಮೇಲೆ ಆ ಕೆಲಸ ನಿಲ್ಲಿಸು ಎಂದು ನಾನು ಅದಕ್ಕೆ ಹೇಳಿರಲಿಲ್ಲ. ಹಳದಿ ತೂತಿಗೆ ವಯರ್ ಸಿಕ್ಕಿಸಿದ್ದರಿಂದ ಒಂದೇ ಮದುವೆಮನೆಯಲ್ಲಿ ಪಂಕ್ತಿ ಕೂರಿಸುವ ಹಿರಿಯರು ಇಬ್ಬರಾದರು. ಚಾವಡಿಯವರು ಕೂರಿಸಿದ ಪಂಕ್ತಿಗೆ ಅಡುಗೆಮನೆಯ ಬಾಗಿಲಿದೆ. ಉಪ್ಪರಿಗೆಯವರು ಕೂರಿಸಿದ ಪಂಕ್ತಿಗೆ ಬಾಗಿಲೇ ಇಲ್ಲ. ಎಲೆ ಹಾಕಿದೆ, ಕೂತದ್ದೂ ಆಗಿದೆ, ಬಡಿಸುವವರು ಮಾತ್ರ ಬರುವುದಿಲ್ಲ. ಮೊಬೈಲಿನಲ್ಲಿ ಕಂಡ 'ಕನೆಕ್ಟ್ ಆಗಿದೆ, ಇಂಟರ್ನೆಟ್ ಇಲ್ಲ' ಎಂಬುದರ ಅರ್ಥ ಅಷ್ಟೇ.

ಹಾಗಾದರೆ ಭಾನುವಾರ ನನ್ನ ಮೊಬೈಲಿನಲ್ಲಿ ಕ್ರಿಕೆಟ್ ಹೇಗೆ ಓಡಿತು? ನಾನು ಅದಾಗಲೇ ಚಾವಡಿಯ ಮೋಡೆಮಿನಿಂದ ಎಲೆ ಪಡೆದು ಕೂತಿದ್ದೆ. ಉಪ್ಪರಿಗೆಗೆ ಹೋದರೂ ಅದೇ ನಂಬರಿನಲ್ಲಿ ಮುಂದುವರಿದೆ. ಹೊಸದಾಗಿ ಕೇಳಬೇಕಾಗಿ ಬಂದದ್ದು ಮಂಗಳವಾರ, ಕರೆಂಟು ಹೋಗಿ ಬಂದ ಮೇಲೆ. ಫೈಬರ್ ಮೋಡೆಮು ಎಚ್ಚರಗೊಂಡು ಲೈನ್ ಹಿಡಿಯಲು ನಮ್ಮಲ್ಲಿ ಎರಡು ಮೂರು ನಿಮಿಷ ಬೇಕು. ಹಳೆಯ ರೌಟರು ಅದಕ್ಕಿಂತ ಮೊದಲೇ ಎದ್ದು ಕೂರುತ್ತದೆ. ಹುಡುಗಿ ಕೂತದ್ದೂ ಅದರ ಪಕ್ಕದಲ್ಲೇ. ಮೊದಲು ಓಗೊಟ್ಟದ್ದು ಅದು. ಆಮೇಲೆ ಎಷ್ಟು ಸಲ ಆಫ್ ಆನ್ ಮಾಡಿದರೂ ಹತ್ತಿರದವನ ದನಿಯೇ ಮೊದಲು ಕೇಳುತ್ತಿತ್ತು. 'ಫುಲ್ ಕಡ್ಡಿ ಇದೆ' ಎಂದು ನಾನು ಕೂರಿಸಿದ ಜಾಗವೇ ಅವಳಿಗೆ ಮುಳುವಾಯಿತು. ಚಾವಡಿಗೆ ಇಳಿದು, ವೈಫೈ ಒಮ್ಮೆ ಮರೆಸಿ ಮತ್ತೆ ಹಾಕಿದ್ದರೆ ಅರ್ಜಿ ಅಲ್ಲೇ ಹೋಗುತ್ತಿತ್ತೋ ಏನೋ.

ಅವನು ಸರಿಮಾಡಲು ತೆಗೆದುಕೊಂಡದ್ದು ಐದು ನಿಮಿಷ. ಹಳೆಯ ರೌಟರಿನ ಸೆಟ್ಟಿಂಗಿಗೆ ಹೋಗಿ ಡಿಎಚ್‌ಸಿಪಿ ಎಂದಿದ್ದಲ್ಲಿ ಆಫ್ ಮಾಡಿದ. ಅದರ ಸ್ವಂತ ವಿಳಾಸವನ್ನು ಚಾವಡಿಯ ಮೋಡೆಮಿನ ಸಾಲಿಗೆ ತಂದು, ಯಾರಿಗೂ ಹಂಚದ 192.168.1.2 ಎಂದು ಇಟ್ಟ. ವಯರ್ ಹಳದಿ ತೂತಿನಲ್ಲೇ ಇರಲಿ ಎಂದ. ಈಗ ಅದು ವೈಫೈಯನ್ನು ಮೇಲಕ್ಕೆ ತಲುಪಿಸುತ್ತದೆ, ಜಾಗ ಹಂಚುವ ಯಜಮಾನಿಕೆ ಮಾಡುವುದಿಲ್ಲ.

ನಿಮ್ಮ ಮನೆಯಲ್ಲೂ ಹೀಗಾದರೆ, ಯಾರಿಗಾದರೂ ಬೈಯುವ ಮೊದಲು ಒಂದು ನಿಮಿಷ ಇಷ್ಟು ನೋಡಿ. ಮೊಬೈಲಿನ ಸೆಟ್ಟಿಂಗ್ಸಿನಲ್ಲಿ ವೈಫೈಗೆ ಹೋಗಿ, ನಿಮ್ಮ ವೈಫೈ ಹೆಸರಿನ ಪಕ್ಕದ ಗುರುತು ಒತ್ತಿದರೆ ಐಪಿ ವಿಳಾಸ, ಗೇಟ್‌ವೇ ಎರಡೂ ಕಾಣುತ್ತವೆ. ನೆಟ್ ಸರಿ ಇರುವ ದಿನವೇ ಅವನ್ನು ಬರೆದಿಟ್ಟುಕೊಳ್ಳಿ. ಕೆಟ್ಟ ದಿನ ಗೇಟ್‌ವೇ ಬೇರೆಯಾಗಿದ್ದರೆ, ಮನೆಯೊಳಗೆ ಇನ್ನೊಂದು ಪೆಟ್ಟಿಗೆ ನಂಬರ್ ಹಂಚುತ್ತಿದೆಯೋ ನೋಡಿ. ಹಳೆಯ ರೌಟರ್ ಇದ್ದರೆ ಮೊದಲು ಅದರ ವಯರ್ ಕೀಳಿ. ಕಂಪ್ಯೂಟರಿನಲ್ಲಿ 169.254 ಎಂದು ಶುರುವಾಗುವ ನಂಬರ್ ಕಂಡರೆ, ಕೂಗಿದ್ದಕ್ಕೆ ಯಾರೂ ಓಗೊಡಲಿಲ್ಲ, ಅದು ತಾನೇ ಒಂದು ನಂಬರ್ ಹಾಕಿಕೊಂಡಿದೆ ಎಂದರ್ಥ. 'ವಿಳಾಸ ಪಡೆಯಲಾಗುತ್ತಿದೆ' ಎಂಬಲ್ಲೇ ಮೊಬೈಲು ನಿಂತುಬಿಟ್ಟರೆ ಎಲೆಗಳು ಮುಗಿದಿರಲೂಬಹುದು. ಮೋಡೆಮನ್ನು ಒಮ್ಮೆ ಆಫ್ ಮಾಡಿ ಹಾಕಿ ನೋಡಿ. ನಂಬರ್ ಸರಿಯಾಗಿದೆ, ಗೇಟ್‌ವೇಯೂ ಸರಿಯಾಗಿದೆ, ಆದರೂ ನೆಟ್ ಇಲ್ಲ ಎಂದಾದರೆ ಆಗ ಲೈನಿನವರಿಗೆ ಫೋನ್ ಮಾಡಿ. ಮೋಡೆಮಿನಲ್ಲಿ ಕೆಂಪು ದೀಪ ಇದೆಯಾ ಎಂದು ಕೇಳಿದರೆ ದಯವಿಟ್ಟು ಎದ್ದು ಹೋಗಿ ನೋಡಿ ಹೇಳಿ.

ಅವನು ಸಾಮಾನು ಚೀಲಕ್ಕೆ ಹಾಕಿಕೊಳ್ಳುವಾಗ ಅಮ್ಮ ಚಹಾ ತಂದರು. ಅವನು ನಿಂತುಕೊಂಡೇ ಕುಡಿದ. ನಾನು "ತಪ್ಪಾಯ್ತು ಮಾರಾಯ" ಎಂದೆ. ಇರಲಿ ಬಿಡಿ ಎನ್ನುತ್ತಾನೆ ಎಂದುಕೊಂಡಿದ್ದೆ. ಅನ್ನಲಿಲ್ಲ.

"ನನ್ನ ಹತ್ರ ಹೇಳಿ ಏನು ಪ್ರಯೋಜನ ಅಣ್ಣ? ಗುಂಪಲ್ಲಿ ಹಾಕಿದ್ದನ್ನ ಗುಂಪಲ್ಲೇ ಹೇಳಿ."

ಹೇಳಿದೆ. ರೌಟರ್ ನನ್ನದು, ಸಿಕ್ಕಿಸಿದ್ದು ನಾನು, ಲೈನಿನಲ್ಲಿ ಯಾವ ತೊಂದರೆಯೂ ಇರಲಿಲ್ಲ, ವಿಚಾರಿಸದೆ ಬರೆದದ್ದು ತಪ್ಪು ಎಂದು ನಾಲ್ಕು ಸಾಲು. ಹಿಂದಿನ ರಾತ್ರಿಯ ಸಂದೇಶಕ್ಕೆ ಬಂದ ಉತ್ತರಗಳನ್ನು ಓದಲು ಬೆರಳು ನೋಯುವಷ್ಟು ಸರಿಸಬೇಕಿತ್ತು. ಈ ನಾಲ್ಕು ಸಾಲಿಗೆ ಬಂದದ್ದು ಎರಡು ಹೆಬ್ಬೆಟ್ಟು. ಒಂದು ಆಚೆಮನೆ ಹುಡುಗಿಯದು. ಕನೆಕ್ಷನ್ ತೆಗೆಸುತ್ತೇವೆ ಎಂದಿದ್ದ ಮೂರು ಮನೆಗಳಲ್ಲಿ ಎರಡು ಮನೆಯವರು ಸುಮ್ಮನಾದರು. ಮೂರನೆಯವರು ಅಷ್ಟರಲ್ಲೇ ಫೋನ್ ಮಾಡಿ ಬೇಡ ಎಂದಿದ್ದರು. ನಾನೇ ಹೋಗಿ ಮಾತಾಡಿದೆ. "ಹೌದಾ, ನೋಡುವ" ಎಂದರು. ಇನ್ನೂ ನೋಡುತ್ತಲೇ ಇದ್ದಾರೆ.

ಪತ್ರಿಕೆಯಲ್ಲಿ ತಿದ್ದುಪಡಿಗಳು ಯಾಕೆ ಮೂಲೆಯಲ್ಲಿ ಚಿಕ್ಕದಾಗಿ ಬರುತ್ತವೆ ಎಂದು ತರಗತಿಯಲ್ಲಿ ದೊಡ್ಡ ಚರ್ಚೆ ಮಾಡಿದವನು ನಾನು. ದೊಡ್ಡದಾಗಿ ಹಾಕಿದರೂ ಓದುವವರು ಕಡಿಮೆ ಎಂದು ಆಗ ಗೊತ್ತಿರಲಿಲ್ಲ.

ಮೊಬೈಲಿಗೆ ಬುದ್ಧಿ ಇಲ್ಲ, ಮೊದಲು ಓಗೊಟ್ಟವನನ್ನು ನಂಬಿತು ಎನ್ನೋಣ. ನನಗೆ ಓಗೊಟ್ಟದ್ದು ಯಾರು? ನನ್ನದೇ ಸಿಟ್ಟು. ಅದು ಕೊಟ್ಟ ಮೊದಲ ಉತ್ತರ ಹಿಡಿದುಕೊಂಡು ಊರಿಗೆಲ್ಲ ಬಡಿಸಿದೆ. ಲೈನ್ ಸರಿ ಇದೆ ಎಂದು ಎರಡನೆಯ ಕಡೆಯವನು ಫೋನಿನಲ್ಲಿ ಹೇಳುತ್ತಲೇ ಇದ್ದ. ನಾನು ಇಟ್ಟುಬಿಟ್ಟಿದ್ದೆ.

ಹುಡುಗಿಗೆ ಸೀಟು ಸಿಕ್ಕಿದೆ, ಹಾಸ್ಟೆಲಿನಲ್ಲಿದ್ದಾಳೆ. ಮೊನ್ನೆ ಹಬ್ಬಕ್ಕೆ ಬಂದವಳು ಮೊಬೈಲು ತೋರಿಸಿ, "ಅಣ್ಣ, ಹಾಸ್ಟೆಲಲ್ಲಿ ವೈಫೈ ಸಿಕ್ಕುದಿಲ್ಲ, ಸಂಜೆ ಎಲ್ಲರೂ ಬಂದ ಮೇಲೆ ಬರೀ ಪಡೆಯಲಾಗುತ್ತಿದೆ ಪಡೆಯಲಾಗುತ್ತಿದೆ ಅಂತ ಬರ್ತದೆ" ಎಂದಳು. ಎಲೆ ಮುಗಿದಿರಬೇಕು ಎನ್ನಲು ಬಾಯಿ ತೆರೆದೆ. ಮತ್ತೆ ಸುಮ್ಮನಾಗಿ, "ವಾರ್ಡನ್ ಹತ್ರ ಕೇಳಿದ್ಯಾ? ಅವರೇನು ಹೇಳ್ತಾರೆ?" ಎಂದೆ.